ಟ್ರೇ ಮೇವಿಗೆ ನೀರು ಎಷ್ಟು? ಗೊಬ್ಬರ ಬೇಕೆ?



ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದಂತೆ ಹಸಿರು ಮೇವಿನ ಚಿಂತೆ ಪ್ರಾರಂಭವಾಗುತ್ತದೆ. ಬದುವಿನ ಹುಲ್ಲು ಒಣಗಿರುತ್ತದೆ, ಕೊಳವೆ ಬಾವಿಯ ನೀರು ಕಡಿಮೆಯಾಗಿರುತ್ತದೆ. ಕೊಟ್ಟಿಗೆಯಲ್ಲಿ ಉಳಿಯುವುದು ರಾಗಿ ಹುಲ್ಲು, ಬತ್ತದ ಹುಲ್ಲು ಅಥವಾ ಜೋಳದ ಸಪ್ಪೆ ಮಾತ್ರ. ಇಂತಹ ದಿನಗಳಲ್ಲಿ ಮಣ್ಣಿಲ್ಲದೆ ಟ್ರೇಗಳಲ್ಲಿ ಬೆಳೆಯುವ ಹಸಿರು ಮೇವು, ಅಂದರೆ ಹೈಡ್ರೋಪೋನಿಕ್ಸ್ ಮೇವು, ಅನೇಕ ಸದಸ್ಯರ ಗಮನ ಸೆಳೆದಿದೆ. ಒಂದು ಕೆ.ಜಿ. ಮೆಕ್ಕೆಜೋಳ ಹಾಕಿದರೆ ಏಳೆಂಟು ದಿನಗಳಲ್ಲಿ ಐದಾರು ಕೆ.ಜಿ. ಹಸಿರು ಮೇವು ಎಂಬ ಮಾತು ಕೇಳಲು ಬಹಳ ಹಿತವಾಗಿದೆ.

ಈ ಮಾತು ಸುಳ್ಳಲ್ಲ. ಆದರೆ ಇದರ ಒಳ ಲೆಕ್ಕವನ್ನು ತಿಳಿಯದೆ ಹಣ ಹೂಡಿದರೆ ನಷ್ಟವಾಗುತ್ತದೆ. ನೀರು ಕೊಡುವ ಕ್ರಮ ತಪ್ಪಿದರೆ ಮೇವಿಗೆ ಬೂಸ್ಟು ಹಿಡಿದು ಹಸುವಿನ ಆರೋಗ್ಯಕ್ಕೇ ಕುತ್ತು ಬರುತ್ತದೆ. ಆದ್ದರಿಂದ ಈ ಪಾಠದಲ್ಲಿ ಮೂರು ಪ್ರಶ್ನೆಗಳನ್ನು ತೆಗೆದುಕೊಂಡಿದ್ದೇವೆ. ಟ್ರೇ ಮೇವಿಗೆ ನೀರನ್ನು ಎಷ್ಟು, ಹೇಗೆ ಕೊಡಬೇಕು? ಗೊಬ್ಬರದ ದ್ರಾವಣ ಬೇಕೆ? ಈ ಮೇವು ಬಂದ ಮೇಲೆ ಹಿಂಡಿ, ಪಶು ಆಹಾರ ಕಡಿಮೆ ಮಾಡಬಹುದೆ?

ಮಣ್ಣಿಲ್ಲದ ಬೇಸಾಯ

ಮಣ್ಣಿಲ್ಲದೆ, ನೀರಿನಲ್ಲಿ ಕರಗಿಸಿದ ಪೋಷಕಾಂಶಗಳಿಂದಲೇ ಗಿಡ ಬೆಳೆಸುವ ವಿಧಾನಕ್ಕೆ ಹೈಡ್ರೋಪೋನಿಕ್ಸ್ ಎಂಬ ಹೆಸರನ್ನು 1937ರಲ್ಲಿ ಬಳಕೆಗೆ ತಂದವರು ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗೆರಿಕೆ ಎಂಬ ವಿಜ್ಞಾನಿ. ಹಾಲೆಂಡ್ ಮುಂತಾದ ದೇಶಗಳಲ್ಲಿ ಈ ವಿಧಾನದಿಂದ ಗಾಜಿನ ಮನೆಗಳಲ್ಲಿ ಟೊಮೆಟೊ, ಸೌತೆ, ದಪ್ಪ ಮೆಣಸಿನಕಾಯಿ ಬೆಳೆಯುತ್ತಾರೆ. ಅಲ್ಲಿ ಮಣ್ಣಿನ ಬದಲಿಗೆ ರಾಕ್‌ವೂಲ್ ಎಂಬ ವಸ್ತುವನ್ನು ಬಹಳವಾಗಿ ಬಳಸುತ್ತಾರೆ. ಬಸಾಲ್ಟ್ ಎಂಬ ಕಪ್ಪು ಕಲ್ಲನ್ನು ಸುಮಾರು 1600 ಡಿಗ್ರಿ ಸೆಲ್ಸಿಯಸ್ ಉಷ್ಣಕ್ಕೆ ಕರಗಿಸಿ, ನೂಲಿನಂತೆ ಎಳೆದು, ಹಾಸಿಗೆಯಂತೆ ಒತ್ತಿ ಮಾಡಿದ ವಸ್ತು ಇದು. ಗಿಡ ಬೆಳೆಸಲು ಇದರ ಉಪಯೋಗ 1969ರ ಹೊತ್ತಿಗೆ ಡೆನ್ಮಾರ್ಕ್‌ನಲ್ಲಿ ಆರಂಭವಾಯಿತು.

ಕಲ್ಲಿನ ನಾರಿನಲ್ಲಿ ಗಿಡಕ್ಕೆ ಬೇಕಾದ ಆಹಾರ ಏನೂ ಇಲ್ಲ. ಅದು ಬೇರಿಗೆ ಆಸರೆ ಕೊಟ್ಟು, ನೀರನ್ನೂ ಗಾಳಿಯನ್ನೂ ಹಿಡಿದಿಡುತ್ತದೆ, ಅಷ್ಟೇ. ಆದುದರಿಂದ ಆ ಬೆಳೆಗಾರರು ಪ್ರತಿ ಸಲ ನೀರು ಕೊಡುವಾಗಲೂ ಸಾರಜನಕ, ರಂಜಕ, ಪೊಟ್ಯಾಷ್, ಸುಣ್ಣ, ಕಬ್ಬಿಣ ಮುಂತಾದುವನ್ನು ಅಳತೆ ಮಾಡಿ ಕರಗಿಸಿಯೇ ಕೊಡುತ್ತಾರೆ. ದಿನಕ್ಕೆ ಅನೇಕ ಬಾರಿ, ಸ್ವಲ್ಪ ಸ್ವಲ್ಪವಾಗಿ ಕೊಡುತ್ತಾರೆ. ಕೊಟ್ಟದ್ದರಲ್ಲಿ ಶೇಕಡಾ 20ರಿಂದ 30ರಷ್ಟು ಕೆಳಗೆ ಹರಿದು ಹೋಗುವಂತೆ ನೋಡಿಕೊಳ್ಳುತ್ತಾರೆ. ಇಲ್ಲವಾದರೆ ಉಳಿದ ಲವಣ ಹಾಸಿನಲ್ಲಿ ಸೇರಿ ಬೇರನ್ನು ಸುಡುತ್ತದೆ. ಟೊಮೆಟೊ ಗಿಡ ತಿಂಗಳುಗಟ್ಟಲೆ ಬದುಕಿ ಕಾಯಿ ಬಿಡಬೇಕಾದುದರಿಂದ ಅದಕ್ಕೆ ಈ ಉಪಚಾರವೆಲ್ಲ ಬೇಕು.

ನಮ್ಮ ಟ್ರೇ ಮೇವಿಗೆ ರಾಕ್‌ವೂಲ್ ಬೇಡ, ಬಳಸಲೂ ಕೂಡದು. ಏಕೆಂದರೆ ಇಲ್ಲಿ ಹಸು ಎಲೆ, ಕಾಳು, ಬೇರು ಎಲ್ಲವನ್ನೂ ಒಟ್ಟಿಗೆ ತಿನ್ನುತ್ತದೆ. ಬೇರಿಗೆ ಅಂಟಿದ ಕಲ್ಲಿನ ನಾರು ಹೊಟ್ಟೆಗೆ ಹೋಗಬಾರದು. ಮೆಕ್ಕೆಜೋಳದ ಬೇರುಗಳು ಒಂದಕ್ಕೊಂದು ಹೆಣೆದುಕೊಂಡು ತಾವೇ ಚಾಪೆಯಾಗುತ್ತವೆ. ಆದರೂ ಆ ಬೆಳೆಗಾರರಿಂದ ನಾವು ಕಲಿಯಬೇಕಾದ ಪಾಠ ಒಂದಿದೆ: ಬೇರಿಗೆ ನೀರು ಎಷ್ಟು ಮುಖ್ಯವೋ ಗಾಳಿಯೂ ಅಷ್ಟೇ ಮುಖ್ಯ. ನೀರನ್ನು ಸ್ವಲ್ಪ ಸ್ವಲ್ಪವಾಗಿ, ಪದೇ ಪದೇ ಕೊಡಬೇಕು. ಕೊಟ್ಟ ನೀರು ನಿಲ್ಲದೆ ಹರಿದು ಹೋಗಬೇಕು.

ಗೊಬ್ಬರದ ದ್ರಾವಣ ಬೇಕೆ?

ಬೇಕಿಲ್ಲ. ಕಾಳಿನ ಒಳಗೆ ಎಳೆ ಸಸಿಗೆಂದೇ ಪ್ರಕೃತಿ ಬುತ್ತಿ ಕಟ್ಟಿಟ್ಟಿದೆ. ಮೊಳಕೆಯೊಡೆದ ಮೊದಲ ಏಳೆಂಟು ದಿನ ಸಸಿಯು ಕಾಳಿನ ಹಿಟ್ಟನ್ನೇ ಕರಗಿಸಿ ಉಂಡು ಬೆಳೆಯುತ್ತದೆ. ಆ ಬುತ್ತಿ ಮುಗಿಯುವ ಮೊದಲೇ ನಾವು ಮೇವನ್ನು ಹಸುವಿಗೆ ಹಾಕುತ್ತೇವೆ. ಆದ್ದರಿಂದ ಬರಿಯ ಶುದ್ಧ ನೀರು ಸಾಕು. ಪೋಷಕ ದ್ರಾವಣ ಬಳಸಿದರೆ ಸಸಾರಜನಕ ಮತ್ತು ಖನಿಜಾಂಶ ಸ್ವಲ್ಪ ಹೆಚ್ಚುವುದುಂಟು, ಆದರೆ ಆ ಹೆಚ್ಚಳ ದ್ರಾವಣದ ಬೆಲೆಗೆ ಸಮನಾಗುವುದಿಲ್ಲ. ಯಾರಾದರೂ ಟ್ರೇಗಳ ಜೊತೆಗೆ ದ್ರಾವಣದ ಡಬ್ಬಿಯನ್ನೂ ತಿಂಗಳು ತಿಂಗಳು ಕೊಳ್ಳಬೇಕೆಂದು ಹೇಳಿದರೆ, ಈ ವಿಷಯವನ್ನು ನೆನಪಿಗೆ ತಂದುಕೊಳ್ಳಿರಿ.

ಯೂರಿಯಾ ನೀರನ್ನಂತೂ ಎಂದಿಗೂ ಚಿಮುಕಿಸಬೇಡಿರಿ. ಹೊಲದ ಮೇವಿನಂತೆ ಇದು ವಾರಗಟ್ಟಲೆ ನಿಲ್ಲುವುದಿಲ್ಲ. ಇಂದು ಚಿಮುಕಿಸಿದ್ದು ನಾಳೆಯೇ ಹಸುವಿನ ಬಾಯಿಗೆ ಹೋಗುತ್ತದೆ.

ಒಂದು ಕೆ.ಜಿ. ಆರು ಕೆ.ಜಿ. ಆಗುವುದು ಹೇಗೆ?

ಈ ಲೆಕ್ಕವನ್ನು ಪ್ರತಿಯೊಬ್ಬ ಸದಸ್ಯರೂ ಅರ್ಥಮಾಡಿಕೊಳ್ಳಬೇಕು. ಒಂದು ಕೆ.ಜಿ. ಒಣ ಮೆಕ್ಕೆಜೋಳದಲ್ಲಿ ಸುಮಾರು 900 ಗ್ರಾಂ ಒಣ ಪದಾರ್ಥ, 100 ಗ್ರಾಂ ನೀರು ಇರುತ್ತದೆ. ಅದೇ ಕಾಳು ಟ್ರೇಯಲ್ಲಿ ಬೆಳೆದು 6 ಕೆ.ಜಿ. ಮೇವಾದಾಗ ಅದರಲ್ಲಿ ಒಣ ಪದಾರ್ಥ ಶೇಕಡಾ 11ರಿಂದ 14 ಮಾತ್ರ. ಶೇಕಡಾ 12 ಎಂದು ಹಿಡಿದರೆ 6 ಕೆ.ಜಿ.ಯಲ್ಲಿ 720 ಗ್ರಾಂ ಆಯಿತು. ಉಳಿದ 5 ಕೆ.ಜಿ. 280 ಗ್ರಾಂ ಬರಿಯ ನೀರು.

ಅಂದರೆ ತೂಕ ಆರು ಪಟ್ಟು ಆದರೂ ಒಣ ಪದಾರ್ಥ 900 ಗ್ರಾಂನಿಂದ 720 ಗ್ರಾಂಗೆ ಇಳಿಯಿತು. ಈ 180 ಗ್ರಾಂ ಎಲ್ಲಿ ಹೋಯಿತು? ಮೊಳಕೆ ಬೆಳೆಯುವಾಗ ಉಸಿರಾಡುತ್ತದೆ. ಉಸಿರಾಟಕ್ಕೆ ಕಾಳಿನ ಹಿಟ್ಟು ಉರಿದು ಶಾಖವಾಗಿ ಹೋಗುತ್ತದೆ. ಬೆಳೆಯುತ್ತಿರುವ ಟ್ರೇಯ ಅಡಿಗೆ ಕೈಯಿಟ್ಟರೆ ಬೆಚ್ಚಗೆ ತಾಗುವುದು ಇದೇ ಶಾಖ.

ಸಸಾರಜನಕದ ಲೆಕ್ಕವೂ ಹೀಗೆಯೇ. ಮೆಕ್ಕೆಜೋಳದ ಕಾಳಿನಲ್ಲಿ ಶೇಕಡಾ 9ರ ಆಸುಪಾಸಿನಲ್ಲಿರುವ ಸಸಾರಜನಕ, ಟ್ರೇ ಮೇವಿನ ಒಣ ಪದಾರ್ಥದಲ್ಲಿ ಶೇಕಡಾ 13ರಷ್ಟು ಕಾಣುತ್ತದೆ. ಹಿಟ್ಟಿನ ಅಂಶ ಉರಿದು ಹೋದುದರಿಂದ ಉಳಿದುದರಲ್ಲಿ ಸಸಾರಜನಕದ ಪ್ರಮಾಣ ಹೆಚ್ಚಾಗಿ ತೋರುತ್ತದೆಯೇ ಹೊರತು ಹೊಸದಾಗಿ ಹುಟ್ಟಿದ್ದು ಬಹಳವಿಲ್ಲ. ಬರಿಯ ನೀರು ಕೊಟ್ಟು ಸಾರಜನಕ ಪಡೆಯಲಾಗದು.

ಹಾಗಾದರೆ ಲಾಭವೇನು? ಕಾಳಿನಲ್ಲಿ ಇಲ್ಲದ ಹಸಿರಿನ ಗುಣ ಬರುತ್ತದೆ. ಎ ಜೀವಸತ್ವಕ್ಕೆ ಮೂಲವಾದ ಕೆರೋಟಿನ್, ಇ ಜೀವಸತ್ವ ಹೆಚ್ಚುತ್ತವೆ. ಮೇವು ಮೃದುವಾಗಿ, ರುಚಿಯಾಗಿ ಇರುವುದರಿಂದ ಹಸು ಇಷ್ಟಪಟ್ಟು ತಿನ್ನುತ್ತದೆ. ಇದರೊಡನೆ ಬೆರೆಸಿದ ಒಣ ಹುಲ್ಲನ್ನೂ ಬಿಡದೆ ತಿನ್ನುತ್ತದೆ. ತಿಂಗಳುಗಟ್ಟಲೆ ಒಣ ಹುಲ್ಲಿನ ಮೇಲೇ ಇದ್ದ ಹಸುವಿಗೆ ಇದು ಸಣ್ಣ ಉಪಕಾರವಲ್ಲ.

ನಮ್ಮ ಮಾತನ್ನು ನಂಬಲೇಬೇಕೆಂದಿಲ್ಲ, ನೀವೇ ಪರೀಕ್ಷಿಸಿ ನೋಡಿರಿ. ಕೊಯ್ದ ಟ್ರೇ ಮೇವಿನಿಂದ ಸರಿಯಾಗಿ ಒಂದು ಕೆ.ಜಿ. ತೂಗಿ, ಬಿಡಿಸಿ, ಬಿಸಿಲಿನಲ್ಲಿ ಗರಿಗರಿಯಾಗುವವರೆಗೆ ಒಣಗಿಸಿರಿ. ಮತ್ತೆ ತೂಗಿದಾಗ 120ರಿಂದ 150 ಗ್ರಾಂ ಉಳಿದಿರುತ್ತದೆ.

ಕಾಳಿನ ಆಯ್ಕೆ

ಮೆಕ್ಕೆಜೋಳ ನಮ್ಮ ಕಡೆ ಸುಲಭವಾಗಿ ಸಿಗುವುದರಿಂದ ಅದೇ ಅನುಕೂಲ. ಹುರುಳಿ, ಅಲಸಂದೆಗಳನ್ನೂ ಬೆಳೆಸಬಹುದು. ಬಿಳಿ ಜೋಳವನ್ನು ಮಾತ್ರ ಬಳಸಬೇಡಿರಿ. ಜೋಳದ ಎಳೆ ಸಸಿಯಲ್ಲಿ ದನಗಳಿಗೆ ಪ್ರಾಣಾಪಾಯ ಉಂಟುಮಾಡುವ ಸೈನೈಡ್ ವಿಷವಿರುತ್ತದೆಂಬುದು ತಮಗೆ ತಿಳಿದೇ ಇದೆ.

ಬಿತ್ತನೆಗೆಂದು ಔಷಧಿ ಲೇಪಿಸಿದ, ಗುಲಾಬಿ ಅಥವಾ ಬೇರೆ ಬಣ್ಣದ ಬೀಜವನ್ನು ಯಾವ ಕಾರಣಕ್ಕೂ ಉಪಯೋಗಿಸಬಾರದು. ತೊಳೆದರೂ ಆ ವಿಷ ಪೂರ್ತಿ ಹೋಗುವುದಿಲ್ಲ. ಹೊಸ ಫಸಲಿನ, ಹುಳು ಹಿಡಿಯದ, ಒಡೆಯದ ಕಾಳು ಇರಲಿ. ಒಡೆದ ಕಾಳು ಮೊಳೆಯುವುದಿಲ್ಲ, ಟ್ರೇಯಲ್ಲಿ ಕೊಳೆಯುತ್ತದೆ. ಬೂಸ್ಟು ಹುಟ್ಟುವುದು ಅಲ್ಲಿಂದಲೇ.

ಚೀಲ ಕೊಳ್ಳುವ ಮೊದಲು 100 ಕಾಳು ತಂದು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿರಿ. ನಾಲ್ಕು ದಿನಗಳಲ್ಲಿ 85ಕ್ಕಿಂತ ಕಡಿಮೆ ಮೊಳೆತರೆ ಆ ಕಾಳು ಬೇಡ.

ನೆನೆಸುವುದು ಮತ್ತು ಹರಡುವುದು

ಸಂಜೆ ಕಾಳನ್ನು ಎರಡು ಮೂರು ನೀರಿನಲ್ಲಿ ತೊಳೆದು, ತೇಲುವ ಜೊಳ್ಳು ಮತ್ತು ಕಸವನ್ನು ತೆಗೆದು ಹಾಕಿ, ಶುದ್ಧ ನೀರಿನಲ್ಲಿ ಸುಮಾರು 12 ಗಂಟೆ ನೆನೆಸಿರಿ. ಬೆಳಿಗ್ಗೆ ನೀರು ಬಸಿದು, ಮತ್ತೊಮ್ಮೆ ತೊಳೆದು, ಒದ್ದೆ ಮಾಡಿದ ಶುಭ್ರ ಗೋಣಿಚೀಲದಲ್ಲಿ ಸಡಿಲವಾಗಿ ಕಟ್ಟಿ ನೆರಳಿನಲ್ಲಿಡಿರಿ. ಚೀಲ ಒಣಗದಂತೆ ಆಗಾಗ ನೀರು ಚಿಮುಕಿಸಿರಿ. 24 ಗಂಟೆಗಳಲ್ಲಿ ಬಿಳಿ ಮೊಳಕೆಯ ಮೂತಿ ಕಾಣುತ್ತದೆ.

ಮೊಳೆತ ಕಾಳನ್ನು ಟ್ರೇಯಲ್ಲಿ ಸಮನಾಗಿ ಹರಡಿರಿ. ಒಂದು ಚದರ ಅಡಿಗೆ ಸುಮಾರು 600 ಗ್ರಾಂ ಒಣ ಕಾಳಿನ ಲೆಕ್ಕ ಸಾಕು. ಹೆಚ್ಚು ದಪ್ಪ ಹಾಕಿದರೆ ಹೆಚ್ಚು ಮೇವು ಬರುವುದಿಲ್ಲ; ನಡುವಿನ ಕಾಳಿಗೆ ಗಾಳಿಯಿಲ್ಲದೆ ಕಾವು ಏರಿ ಕೊಳೆಯುತ್ತದೆ. ಟ್ರೇಯ ತಳದಲ್ಲಿ ಸಣ್ಣ ತೂತುಗಳಿರಬೇಕು. ಟ್ರೇಯನ್ನು ಒಂದು ಕಡೆಗೆ ಸ್ವಲ್ಪ ಇಳಿಜಾರಾಗಿ ಇಡಬೇಕು. ಬಿದಿರು ಅಥವಾ ಕಬ್ಬಿಣದ ಅಟ್ಟಣಿಗೆ ಮಾಡಿ, ಸುತ್ತ ನೆರಳು ಪರದೆ ಕಟ್ಟಿದರೆ ಸಾಕು. ದುಬಾರಿ ಯಂತ್ರದ ಅವಶ್ಯಕತೆಯಿಲ್ಲ.

ನೀರು ಕೊಡುವ ಕ್ರಮ

ಮೊದಲು ಒಟ್ಟು ಲೆಕ್ಕ. ಗೋವಾದಲ್ಲಿರುವ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಮೆಕ್ಕೆಜೋಳದ ಟ್ರೇ ಮೇವಿನ ಮೇಲೆ ನಡೆಸಿದ ಅಧ್ಯಯನದಂತೆ, ಒಂದು ಕೆ.ಜಿ. ಮೇವಿಗೆ ನೀರನ್ನು ಮರುಬಳಕೆ ಮಾಡಿದರೆ ಸುಮಾರು 1.5 ಲೀಟರು, ಹರಿಯಬಿಟ್ಟರೆ ಸುಮಾರು 3 ಲೀಟರು ಬೇಕು. ಎರಡು ಹಸುಗಳಿಗೆ ತಲಾ 8 ಕೆ.ಜಿ.ಯಂತೆ ದಿನಕ್ಕೆ 16 ಕೆ.ಜಿ. ಮೇವು ಬೇಕೆಂದರೆ, ದಿನಕ್ಕೆ ಸುಮಾರು 3 ಕೆ.ಜಿ. ಕಾಳು, 50 ಲೀಟರು ನೀರು ಸಾಕು. ದಿನಕ್ಕೆ 5 ಚದರ ಅಡಿಯಂತೆ ಏಳು ದಿನಕ್ಕೆ 35 ಚದರ ಅಡಿ ಟ್ರೇ. ಅದನ್ನು ನಾಲ್ಕು ಅಟ್ಟಣಿಗೆಯಲ್ಲಿಟ್ಟರೆ ನೆಲ ಹಿಡಿಯುವುದು ಒಂಬತ್ತು ಹತ್ತು ಚದರ ಅಡಿ ಮಾತ್ರ.

ಈ 50 ಲೀಟರನ್ನು ಬೆಳಿಗ್ಗೆ ಒಂದೇ ಸಲ ಸುರಿದರೆ ಕೆಲಸ ಕೆಟ್ಟಂತೆಯೇ. ದಿನಗಳಿಗೆ ತಕ್ಕಂತೆ ಹೀಗೆ ಕೊಡಿರಿ:

ಒಂದನೆಯ ಮತ್ತು ಎರಡನೆಯ ದಿನ: ಬೇರು ಇನ್ನೂ ಹಿಡಿದಿರುವುದಿಲ್ಲ. ಮಂಜಿನಂತೆ ಸಣ್ಣ ಹನಿಯಾಗಿ, ಕಾಳು ಜರುಗದಂತೆ ಸಿಂಪಡಿಸಿರಿ. ಕಾಳಿನ ಮೇಲ್ಮೈ ಒಣಗಬಾರದು. ಒಣಗಿದ ಮೊಳಕೆ ಮತ್ತೆ ಚಿಗುರುವುದಿಲ್ಲ.

ಮೂರರಿಂದ ಐದನೆಯ ದಿನ: ಬೇರುಗಳು ಹೆಣೆದು ಚಾಪೆಯಾಗುತ್ತವೆ. ಕಾವು ಹೆಚ್ಚಾಗುವುದು ಈ ದಿನಗಳಲ್ಲಿ. ಮೇಲೆ ಮಾತ್ರ ಒದ್ದೆಯಾದರೆ ಸಾಲದು, ನೀರು ಚಾಪೆಯ ಮೂಲಕ ಇಳಿದು ಕೆಳಗಿನ ತೂತುಗಳಿಂದ ತೊಟ್ಟಿಕ್ಕಬೇಕು. ಹೀಗೆ ಇಳಿಯುವ ನೀರು ಕಾವನ್ನೂ ಲೋಳೆಯನ್ನೂ ತೊಳೆದು ಒಯ್ಯುತ್ತದೆ. ಅಡಿಗೆ ಕೈಯಿಟ್ಟು ನೋಡಿರಿ. ಕೈಗೆ ಬಿಸಿ ತಾಗಿದರೆ ಒಂದೆರಡು ಬಾರಿ ಹೆಚ್ಚಿಗೆ ಕೊಡಿರಿ.

ಆರನೆಯ ಮತ್ತು ಏಳನೆಯ ದಿನ: ಎಲೆಗಳು 8ರಿಂದ 12 ಅಂಗುಲ ಬೆಳೆದಿರುತ್ತವೆ. ಎಲೆಯಿಂದ ನೀರು ಆವಿಯಾಗುವುದರಿಂದ ಬೇಡಿಕೆ ಹೆಚ್ಚು. ಎಲೆಗಳ ಮೇಲೆ ಮಾತ್ರ ಬೀಳದೆ ಬುಡಕ್ಕೆ ಇಳಿಯುವಂತೆ ಕೊಡಿರಿ. ತಿನ್ನಿಸುವ ಮೂರು ನಾಲ್ಕು ಗಂಟೆ ಮೊದಲು ನೀರು ನಿಲ್ಲಿಸಿ, ಬಸಿಯಲು ಬಿಡಿರಿ.

ಬೇಸಿಗೆಯಲ್ಲಿ ಹಗಲು ಎರಡು ಗಂಟೆಗೊಮ್ಮೆ, ಮಳೆಗಾಲ ಮತ್ತು ಚಳಿಗಾಲದಲ್ಲಿ ಮೂರು ನಾಲ್ಕು ಗಂಟೆಗೊಮ್ಮೆ ಸಿಂಪಡಿಸುವುದು ಸಾಮಾನ್ಯ ಪದ್ಧತಿ. ರಾತ್ರಿ ಮಲಗುವ ಮುನ್ನ ಒಮ್ಮೆ, ಬೆಳಗಿನ ಹಾಲು ಕರೆಯಲು ಎದ್ದಾಗ ಒಮ್ಮೆ ಕೊಟ್ಟರಾಯಿತು. ಗಡಿಯಾರಕ್ಕಿಂತ ಟ್ರೇಯೇ ಸರಿಯಾಗಿ ಹೇಳುತ್ತದೆ. ಟ್ರೇಯ ಒಂದು ತುದಿ ಎತ್ತಿ ನೋಡಿರಿ. ಹನಿ ತೊಟ್ಟಿಕ್ಕಿದರೆ ಸರಿಯಾಗಿದೆ. ಧಾರೆಯಾಗಿ ಸುರಿದರೆ ನೀರು ನಿಂತಿದೆ, ತೂತು ಕಟ್ಟಿದೆ. ಹನಿಯೂ ಇಲ್ಲದೆ ಟ್ರೇ ಹಗುರವಾಗಿದ್ದರೆ ನೀರು ಸಾಲದು. ಹುಳಿ ವಾಸನೆ ಬಂದರೆ ಬೇರಿಗೆ ಗಾಳಿಯಿಲ್ಲವೆಂದು ತಿಳಿಯಿರಿ. ಅತಿಯಾದರೆ ಅಮೃತವೂ ವಿಷ ಎಂಬ ಗಾದೆ ಇಲ್ಲಿ ನೀರಿಗೂ ಸಲ್ಲುತ್ತದೆ.

ನೀರಿನ ವಿಷಯದಲ್ಲಿ ಇನ್ನೂ ಕೆಲವು ಎಚ್ಚರಿಕೆಗಳು:

1. ದನ ಕುಡಿಯುವಂತಹ ಶುದ್ಧ ನೀರನ್ನೇ ಬಳಸಿರಿ. ಪಾಚಿ ಕಟ್ಟಿದ ತೊಟ್ಟಿಯ ನೀರು, ಕೊಟ್ಟಿಗೆ ತೊಳೆದ ನೀರು ಬೇಡ.

2. ಬೇಸಿಗೆಯ ಮಧ್ಯಾಹ್ನ ಮಾಳಿಗೆಯ ಮೇಲಿನ ಕಪ್ಪು ಪ್ಲಾಸ್ಟಿಕ್ ಟ್ಯಾಂಕಿನ ನೀರು ಕಾದಿರುತ್ತದೆ. ಅದನ್ನು ನೇರವಾಗಿ ಸಿಂಪಡಿಸಿದರೆ ಮೊಳಕೆ ಬೇಯುತ್ತದೆ. ಬೆಳಿಗ್ಗೆಯೇ ನೆರಳಿನಲ್ಲಿ ಡ್ರಮ್ಮಿಗೆ ತುಂಬಿಟ್ಟುಕೊಳ್ಳಿರಿ.

3. ಬೆಳೆಗೆ ಔಷಧಿ ಹೊಡೆದ ಸ್ಪ್ರೇಯರನ್ನು, ಎಷ್ಟೇ ತೊಳೆದಿದ್ದರೂ, ಈ ಕೆಲಸಕ್ಕೆ ಬಳಸಕೂಡದು. ಸಸಿಗಳಿಗೆ ನೀರು ಹಾಕುವ ರೋಸ್ ಕ್ಯಾನು ಅಥವಾ ಪ್ರತ್ಯೇಕ ಕೈ ಸ್ಪ್ರೇಯರು ಇಟ್ಟುಕೊಳ್ಳಿರಿ.

4. ಟೈಮರ್ ಮತ್ತು ಸಣ್ಣ ಮೋಟಾರು ಅಳವಡಿಸಿದ್ದರೂ ಕರೆಂಟು ಹೋದಾಗ ಕೈಯಿಂದ ನೀರು ಕೊಡುವವರು ಮನೆಯಲ್ಲಿ ಇರಬೇಕು. ಬೇಸಿಗೆಯಲ್ಲಿ ಅರ್ಧ ದಿನ ನೀರು ತಪ್ಪಿದರೆ ವಾರದ ಶ್ರಮ ಹಾಳಾಗಬಹುದು.

5. ಕೆಳಗೆ ಇಳಿದ ನೀರನ್ನು ಶೋಧಿಸಿ ಶುದ್ಧಮಾಡದೆ ಮತ್ತೆ ಟ್ರೇಗಳಿಗೆ ಹಾಕಬೇಡಿರಿ. ಒಂದು ಟ್ರೇಯ ಬೂಸ್ಟು ಎಲ್ಲಕ್ಕೂ ಹಬ್ಬುತ್ತದೆ. ಆ ನೀರನ್ನು ಹಿತ್ತಲ ತರಕಾರಿಗೆ ಅಥವಾ ನೇಪಿಯರ್ ಹುಲ್ಲಿನ ಬುಡಕ್ಕೆ ಬಿಡಿರಿ, ವ್ಯರ್ಥವಾಗುವುದಿಲ್ಲ.

ಬೂಸ್ಟು: ಟ್ರೇ ಮೇವಿನ ದೊಡ್ಡ ಶತ್ರು

ತೇವ, ಕಾವು, ಹಿಟ್ಟು ಈ ಮೂರೂ ಒಂದೆಡೆ ಸೇರಿದರೆ ಬೂಸ್ಟು ಬಾರದಿರುವುದೇ ಆಶ್ಚರ್ಯ. ಮೊದಲಿಗೆ ಮೊಳೆಯದ ಕಾಳಿನ ಮೇಲೆ ಬಿಳಿ ಹತ್ತಿಯಂತೆ ಕಾಣಿಸಿಕೊಂಡು, ಆಮೇಲೆ ಹಸಿರು, ಕಪ್ಪು ಬಣ್ಣಕ್ಕೆ ತಿರುಗುತ್ತದೆ. ಬೇರಿನ ಸಣ್ಣ ರೋಮಗಳೂ ಬಿಳಿಯಾಗಿರುವುದರಿಂದ ಹೊಸಬರಿಗೆ ಗೊಂದಲವಾಗಬಹುದು. ಬೇರಿನ ರೋಮ ಬೇರಿಗೆ ಅಂಟಿಕೊಂಡೇ ಇರುತ್ತದೆ, ಕೆಟ್ಟ ವಾಸನೆ ಇರುವುದಿಲ್ಲ. ಬೂಸ್ಟು ಜೇಡರ ಬಲೆಯಂತೆ ಕಾಳಿನಿಂದ ಕಾಳಿಗೆ ಹರಡುತ್ತದೆ, ಮುಗ್ಗಲು ವಾಸನೆ ಬರುತ್ತದೆ.

ಇದನ್ನು ಕಡೆಗಣಿಸಬೇಡಿರಿ. ಮೊಳಕೆ ಧಾನ್ಯದ ಮೇಲೆ ಬೆಳೆಯುವ ಆಸ್ಪರ್ಜಿಲಸ್ ಕ್ಲಾವೇಟಸ್ ಎಂಬ ಬೂಸ್ಟಿನ ವಿಷದಿಂದ ದನಗಳಿಗೆ ಮೈ ನಡುಕ, ಹಿಂಗಾಲಿನ ತೊಡರು ಬಂದು, ಬಿದ್ದು ಸತ್ತ ಪ್ರಸಂಗಗಳು ಹೊರದೇಶಗಳಲ್ಲಿ ದಾಖಲಾಗಿವೆ. ಇನ್ನೊಂದು ಜಾತಿಯ ಬೂಸ್ಟು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉತ್ಪಾದಿಸುತ್ತದೆ. ಹಸು ಅದನ್ನು ತಿಂದರೆ ವಿಷದ ಒಂದು ಭಾಗ ಎಂ1 ಎಂಬ ರೂಪದಲ್ಲಿ ಹಾಲಿಗೂ ಬರುತ್ತದೆ. ಹಾಲನ್ನು ಕಾಯಿಸಿದರೂ, ಪಾಶ್ಚರೀಕರಿಸಿದರೂ ಅದು ನಾಶವಾಗುವುದಿಲ್ಲ. ಹಾಲಿನಲ್ಲಿ ಇದರ ಪ್ರಮಾಣ ಕೆ.ಜಿ.ಗೆ 0.5 ಮೈಕ್ರೋಗ್ರಾಂ ಮೀರಬಾರದೆಂದು ನಮ್ಮ ದೇಶದ ಆಹಾರ ಸುರಕ್ಷತಾ ನಿಯಮವಿದೆ. ಒಬ್ಬರ ಕ್ಯಾನಿನ ಹಾಲು ಇಡೀ ಸಂಘದ ಹಾಲಿನೊಡನೆ ಬೆರೆಯುತ್ತದೆ. ಆದುದರಿಂದ ಈ ಎಚ್ಚರಿಕೆ ಕೇವಲ ಸ್ವಂತ ಹಸುವಿಗಾಗಿ ಅಲ್ಲ, ಎಲ್ಲರ ಮನೆಯ ಮಕ್ಕಳಿಗಾಗಿ.

ಬೂಸ್ಟು ಹಿಡಿದ ಟ್ರೇಯನ್ನು ಪೂರ್ತಿ ತಿಪ್ಪೆಗೆ ಹಾಕಿರಿ. ಕೆಟ್ಟ ಭಾಗ ಕಿತ್ತು ಉಳಿದುದನ್ನು ಹಾಕೋಣವೆಂಬ ಆಸೆ ಬೇಡ. ಬರಡು ದನಕ್ಕಾದರೂ ಹಾಕೋಣ ಎನ್ನುವುದೂ ತಪ್ಪು. ಪ್ರತಿ ಕೊಯ್ಲಿನ ನಂತರ ಟ್ರೇ, ಗೋಣಿಚೀಲ, ಅಟ್ಟಣಿಗೆಗಳನ್ನು ಸೋಪು ನೀರಿನಿಂದ ಉಜ್ಜಿ, ಬ್ಲೀಚಿಂಗ್ ಪುಡಿ ಕರಗಿಸಿದ ನೀರಿನಲ್ಲಿ ಅದ್ದಿ, ಶುದ್ಧ ನೀರಿನಿಂದ ಜಾಲಾಡಿ, ಬಿಸಿಲಿನಲ್ಲಿ ಒಣಗಿಸಿರಿ. ಗಾಳಿಯಾಡುವ ಜಾಗವಿರಲಿ. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ ಮತ್ತು ಮಲೆನಾಡಿನಲ್ಲಿ, ಬೂಸ್ಟಿನ ಕಾಟ ಅತಿ ಹೆಚ್ಚು. ಆ ಕಾಲದಲ್ಲಿ ಹೊರಗೆ ಹುಲ್ಲು ಹೇರಳವಾಗಿರುವುದರಿಂದ ಟ್ರೇಗಳಿಗೆ ಬಿಡುವು ಕೊಡುವುದೇ ಜಾಣತನ.

ಹಸುವಿಗೆ ಕೊಡುವ ರೀತಿ

ಚಾಪೆಯಂತಿರುವ ಮೇವನ್ನು ಟ್ರೇಯಿಂದ ಎತ್ತಿ, ತಳಭಾಗವನ್ನು ತಿರುಗಿಸಿ ನೋಡಿರಿ, ಮೂಸಿ ನೋಡಿರಿ. ಚೆನ್ನಾಗಿದ್ದರೆ ಕೈಯಿಂದ ಹರಿದು, ಬೇರು ಬಿಡಿಸಿ, ಒಣ ಹುಲ್ಲಿನೊಡನೆ ಬೆರೆಸಿ ಹಾಕಿರಿ. ಮೊದಲ ದಿನ ಒಂದೆರಡು ಕೆ.ಜಿ.ಯಿಂದ ಆರಂಭಿಸಿ, ಒಂದು ವಾರದಿಂದ ಹತ್ತು ದಿನಗಳಲ್ಲಿ ಹೆಚ್ಚಿಸಿರಿ. ಹಾಲು ಕೊಡುವ ಮಿಶ್ರತಳಿ ಹಸುವಿಗೆ ದಿನಕ್ಕೆ 5ರಿಂದ 10 ಕೆ.ಜಿ. ಸಾಕು. ಏಳೆಂಟು ದಿನಕ್ಕಿಂತ ಹೆಚ್ಚು ಕಾಲ ಟ್ರೇಯಲ್ಲಿ ಬಿಡಬೇಡಿರಿ; ಒಣ ಪದಾರ್ಥ ಇನ್ನೂ ಕರಗುತ್ತದೆ, ಬೂಸ್ಟೂ ಹೆಚ್ಚುತ್ತದೆ.

ಈಗ ಮೂರನೆಯ ಪ್ರಶ್ನೆಗೆ ಬರೋಣ. 400 ಕೆ.ಜಿ. ತೂಕದ ಕರೆಯುವ ಹಸುವಿಗೆ ದಿನಕ್ಕೆ 10ರಿಂದ 12 ಕೆ.ಜಿ. ಒಣ ಪದಾರ್ಥ ಬೇಕು. ಹತ್ತು ಕೆ.ಜಿ. ಟ್ರೇ ಮೇವಿನಿಂದ ಸಿಗುವುದು ಸುಮಾರು 1.2 ಕೆ.ಜಿ., ಅಂದರೆ ಹತ್ತರಲ್ಲಿ ಒಂದು ಪಾಲು. ಅದರಲ್ಲಿ ಸಸಾರಜನಕ ಸುಮಾರು 150 ಗ್ರಾಂ. ಹತ್ತು ಲೀಟರು ಹಾಲು ಕೊಡುವ ಹಸುವಿಗೆ ದಿನಕ್ಕೆ ಬೇಕಾದುದು ಒಂದು ಕೆ.ಜಿ.ಗೂ ಹೆಚ್ಚು. ಕಣ್ಣಿಗೆ ಬುಟ್ಟಿ ತುಂಬ ಹಸಿರು ಕಂಡಿತೆಂದು ಹಿಂಡಿ ಮತ್ತು ಪಶು ಆಹಾರ ನಿಲ್ಲಿಸಿದರೆ ಹಸು ತನ್ನ ಮೈಯನ್ನೇ ಕರಗಿಸಿ ಕೆಲವು ದಿನ ಹಾಲು ಕೊಡುತ್ತದೆ. ಆಮೇಲೆ ಹಾಲು ಇಳಿಯುತ್ತದೆ, ಬೆದೆಗೆ ಬರುವುದು ತಡವಾಗುತ್ತದೆ. ಆಗ ಟ್ರೇಯನ್ನು ದೂರಿ ಪ್ರಯೋಜನವಿಲ್ಲ. ಟ್ರೇ ಮೇವು ಕೊಡುವಾಗ ಮನೆಯ ಜೋಳದ ನುಚ್ಚನ್ನು ಒಂದು ಕೆ.ಜಿ.ಯ ಒಳಗೆ ಕಡಿಮೆ ಮಾಡಬಹುದು. ಹಿಂಡಿ, ಲವಣ ಮಿಶ್ರಣ ಮತ್ತು ಒಣ ಹುಲ್ಲನ್ನು ಕಡಿಮೆ ಮಾಡಕೂಡದು.

ಯಾರಿಗೆ ಲಾಭ?

ಟ್ರೇ ಮೇವಿನ ಖರ್ಚಿನಲ್ಲಿ ದೊಡ್ಡ ಪಾಲು ಕಾಳಿನದೇ. ಉದಾಹರಣೆಗೆ ಕಾಳಿನ ಬೆಲೆ ಕೆ.ಜಿ.ಗೆ ರೂ. 25 ಎಂದು ಇಟ್ಟುಕೊಳ್ಳೋಣ. 3 ಕೆ.ಜಿ.ಗೆ ರೂ. 75. ಅದರಿಂದ ಬರುವ 16 ಕೆ.ಜಿ. ಮೇವಿನಲ್ಲಿ ಒಣ ಪದಾರ್ಥ ಎರಡು ಕೆ.ಜಿ. ಆಸುಪಾಸು. ಅಂದರೆ ಕೆ.ಜಿ. ಒಣ ಪದಾರ್ಥಕ್ಕೆ ಕಾಳಿನ ಖರ್ಚೇ ರೂ. 37ರಷ್ಟು ಆಯಿತು, ಕೂಲಿ, ಟ್ರೇ, ಕರೆಂಟು ಬೇರೆ. ಅದೇ ಕಾಳನ್ನು ನುಚ್ಚು ಮಾಡಿ ಹಾಕಿದರೆ ಸುಮಾರು ರೂ. 28. ನೇಪಿಯರ್ ಹುಲ್ಲು ಕೆ.ಜಿ.ಗೆ ರೂ. 2 ಬಿದ್ದರೆ, ಅದರಲ್ಲಿ ಒಣ ಪದಾರ್ಥ ಶೇಕಡಾ 20ರಷ್ಟಿರುವುದರಿಂದ, ರೂ. 10 ಮಾತ್ರ. ನಿಮ್ಮ ಊರಿನ ಇಂದಿನ ಬೆಲೆ ಹಾಕಿ ಈ ಲೆಕ್ಕವನ್ನು ಮತ್ತೊಮ್ಮೆ ಮಾಡಿ ನೋಡಿರಿ.

ಆದ್ದರಿಂದ ಸ್ವಲ್ಪ ಜಮೀನು, ಸ್ವಲ್ಪ ನೀರು ಇರುವವರು ಮೊದಲು ಕೆಲವು ಗುಂಟೆಗಳಲ್ಲಿ ನೇಪಿಯರ್, ಬೇಲಿಮೆಂತ್ಯ, ಅಲಸಂದೆ ಬೆಳೆದುಕೊಳ್ಳಿರಿ. ಮಳೆಗಾಲದಲ್ಲಿ ಹೆಚ್ಚಾದ ಮೆಕ್ಕೆಜೋಳದ ಹಸಿ ಮೇವನ್ನು ರಸಮೇವು ಮಾಡಿಟ್ಟುಕೊಳ್ಳಿರಿ. ಇದಕ್ಕಿಂತ ಅಗ್ಗದ ದಾರಿ ಬೇರಿಲ್ಲ. ಜಮೀನೇ ಇಲ್ಲದೆ ಒಂದೆರಡು ಹಸು ಸಾಕಿರುವವರಿಗೆ, ಬೇಸಿಗೆಯ ಮೂರು ನಾಲ್ಕು ತಿಂಗಳು ಬೇರೆ ಹಸಿರೇ ಸಿಗದವರಿಗೆ, ಕೊಡಗಟ್ಟಲೆ ನೀರು ಮಾತ್ರ ಇರುವವರಿಗೆ ಟ್ರೇ ಮೇವು ನಿಜವಾಗಿ ಆಸರೆಯಾಗಬಲ್ಲದು. ಅವರು ಕೂಡ ಸಾಲ ಮಾಡಿ ದೊಡ್ಡ ಯಂತ್ರ ಕೊಳ್ಳದೆ, ಮೊದಲು ನಾಲ್ಕು ಟ್ರೇಗಳಲ್ಲಿ ಒಂದು ತಿಂಗಳು ಮಾಡಿ ನೋಡಿ ಮುಂದುವರಿಯುವುದು ಒಳ್ಳೆಯದು.

ನೆನಪಿಡಬೇಕಾದ ಅಂಶಗಳು

1. ಟ್ರೇ ಮೇವಿಗೆ ಶುದ್ಧ ನೀರು ಸಾಕು. ಗೊಬ್ಬರದ ದ್ರಾವಣ ಬೇಡ.

2. ಸ್ವಲ್ಪ ಸ್ವಲ್ಪವಾಗಿ, ಪದೇ ಪದೇ ನೀರು ಕೊಡಿರಿ. ನೀರು ನಿಲ್ಲಬಾರದು, ಚಾಪೆ ಒಣಗಬಾರದು.

3. ಔಷಧಿ ಲೇಪಿಸಿದ ಬೀಜ, ಒಡೆದ ಕಾಳು, ಬಿಳಿ ಜೋಳ ಬಳಸಬೇಡಿರಿ.

4. ಬೂಸ್ಟು ಕಂಡ ಟ್ರೇ ಪೂರ್ತಿ ತಿಪ್ಪೆಗೆ.

5. ಹಸಿ ತೂಕ ನೋಡಿ ಮೋಸ ಹೋಗಬೇಡಿರಿ. ಒಣ ಪದಾರ್ಥದ ಲೆಕ್ಕ ಹಾಕಿರಿ.

6. ಹಿಂಡಿ, ಲವಣ ಮಿಶ್ರಣ, ಒಣ ಹುಲ್ಲು ಎಂದಿನಂತೆ ಮುಂದುವರಿಸಿರಿ.

ಹಸು ತಿಂದ ಮೇವು ತಕ್ಕಡಿಯಲ್ಲಿ ಎಷ್ಟು ತೂಗಿತೆಂಬುದಕ್ಕಿಂತ, ಅದರಲ್ಲಿ ನೀರು ಕಳೆದು ಎಷ್ಟು ಉಳಿಯಿತೆಂಬುದು ಮುಖ್ಯ. ಇದನ್ನು ತಿಳಿದು ಟ್ರೇ ಇಟ್ಟವರಿಗೆ ಬೇಸಿಗೆಯಲ್ಲಿ ಹಸಿರು ಸಿಗುತ್ತದೆ. ತಿಳಿಯದೆ ಇಟ್ಟವರಿಗೆ ಖರ್ಚು ಮಾತ್ರ ಸಿಗುತ್ತದೆ. ಮೇವಿನ ಬೀಜ, ನೇಪಿಯರ್ ಕಡ್ಡಿ ಹಾಗೂ ಹೆಚ್ಚಿನ ಮಾಹಿತಿಗಾಗಿ ತಮ್ಮ ಸಂಘದ ಕಾರ್ಯದರ್ಶಿಯವರನ್ನಾಗಲಿ, ಒಕ್ಕೂಟದ ವಿಸ್ತರಣಾಧಿಕಾರಿಗಳನ್ನಾಗಲಿ, ಹತ್ತಿರದ ಪಶುವೈದ್ಯರನ್ನಾಗಲಿ ವಿಚಾರಿಸಬೇಕಾಗಿ ಕೋರುತ್ತೇವೆ.